ಜೋಳಿಗೆ ಹಿಡಿದು ಬಂದವರನ್ನು ಗೌರವಿಸೋಣ



ನಮ್ಮ ಕಡೆ ಸುಗ್ಗಿಯಲ್ಲಿ ರಾಶಿ ಪೂಜೆ ಆದ ಮೇಲೆ ಕಣಕ್ಕೆ ದಾಸಯ್ಯ ಬರಲಿ, ಜಂಗಮರು ಬರಲಿ, ಮೊರದಲ್ಲಿ ಕಾಳು ಕೊಟ್ಟು ಕಳಿಸುವುದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ತನಗಾಗಿ ಬೇಡುವವರು ಇದ್ದಾರೆ, ಬೇರೆಯವರಿಗಾಗಿ ಬೇಡುವವರೂ ಇದ್ದಾರೆ. ಈ ಎರಡನೆಯವರ ಬಗ್ಗೆ ನಾನು ಬರೆಯುತ್ತೇನೆ.

ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳು 1930ರಲ್ಲಿ ಸನ್ಯಾಸ ಸ್ವೀಕರಿಸಿದರು. ಓದುವ ಮಕ್ಕಳ ಊಟಕ್ಕಾಗಿ ಅವರೇ ಹಳ್ಳಿಗಳಿಗೆ ಹೋಗಿ ಭಿಕ್ಷೆ ಎತ್ತಿದರು. 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಆಗ ಮಠದಲ್ಲಿ ಸಾವಿರಾರು ಮಕ್ಕಳು ಜಾತಿ ಭೇದವಿಲ್ಲದೆ ಉಂಡು ಓದುತ್ತಿದ್ದರು. ನಮ್ಮ ಚಿಕ್ಕಪ್ಪನೂ ಅಲ್ಲೇ ಓದಿದವರು. "ಯಾರೋ ಹಾಕಿದ ಒಂದು ಸೇರು ರಾಗಿ ನನ್ನ ಹೊಟ್ಟೆ ಸೇರೈತೆ ಕಣೋ" ಅಂತಾರೆ. ಆ ದಿನ ಎಲ್ಲರೂ "ಮುಂದಕ್ಕೆ ಹೋಗಿ" ಅಂದಿದ್ದರೆ ನಮ್ಮ ಚಿಕ್ಕಪ್ಪ ಓದುತ್ತಲೇ ಇರಲಿಲ್ಲ.

ಇಳಕಲ್ಲಿನ ಮಹಾಂತ ಸ್ವಾಮಿಗಳ ಜೋಳಿಗೆ ಇನ್ನೊಂದು ತರಹದ್ದು. ಅವರು ದುಡ್ಡು ಕೇಳಲಿಲ್ಲ. "ನಿಮ್ಮ ಕುಡಿತ, ಬೀಡಿ, ಗುಟ್ಕಾ ಚಟ ನನ್ನ ಜೋಳಿಗೆಗೆ ಹಾಕಿ" ಎಂದು ಊರೂರು ತಿರುಗಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ನಮ್ಮ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಯಹೂದಿ ಜನರಲ್ಲಿ ದಾನ ಎತ್ತುವವರಿಗೆ ಗಬ್ಬಾಯ್ ಎನ್ನುತ್ತಾರೆ. ಅವರ ತಾಲ್ಮುದ್ ಎಂಬ ಗ್ರಂಥದ ಪ್ರಕಾರ, ಕೊಡುವವನಿಗಿಂತ ಕೊಡಿಸುವವನು ದೊಡ್ಡವನು. ಆದರೆ ನಿಯಮವೂ ಉಂಟು. ಇಬ್ಬರು ಸೇರಿ ಎತ್ತಬೇಕು, ಮೂವರು ಸೇರಿ ಹಂಚಬೇಕು. ದಾರಿಯಲ್ಲಿ ಕಾಸು ಸಿಕ್ಕರೂ ತನ್ನ ಜೇಬಿಗೆ ಹಾಕಿಕೊಳ್ಳಬಾರದು, ದಾನದ ಚೀಲಕ್ಕೇ ಹಾಕಬೇಕು. ನೋಡಿದವರಿಗೆ ಅನುಮಾನ ಬರಬಾರದಲ್ಲ! ಅಂದರೆ ಗೌರವ ಬೇಕಾದರೆ ಎತ್ತುವವರೂ ಲೆಕ್ಕದಲ್ಲಿ ಚೊಕ್ಕ ಇರಬೇಕು.

1949ರಿಂದ ಪ್ರತಿ ಡಿಸೆಂಬರ್ 7ರಂದು ಸೈನಿಕರ ಧ್ವಜ ದಿನ ಇದೆ. ಆ ಹಣ ಗಾಯಗೊಂಡ ಸೈನಿಕರಿಗೆ, ಸೈನಿಕರ ಕುಟುಂಬಗಳಿಗೆ ಹೋಗುತ್ತದೆ. ಹೋದ ವರ್ಷ ನಾನು ಡಬ್ಬಿ ಹಿಡಿದು ಹೋಗಿದ್ದೆ. ಒಬ್ಬರು ಹತ್ತು ರೂಪಾಯಿ ಎಸೆದು, "ಇವರದ್ದು ಇದೇ ಕೆಲಸ" ಅಂದರು. ಒಬ್ಬ ಅಜ್ಜಿ ಹತ್ತಿರ ದುಡ್ಡು ಇರಲಿಲ್ಲ. "ಬಿಸಿಲಾಗೆ ಬಂದೀರಿ, ಕುಂತ್ಕಳ್ರಪ್ಪ" ಅಂತ ನೀರುಮಜ್ಜಿಗೆ ಕೊಟ್ಟರು. ನನಗೆ ಅಜ್ಜಿಯೇ ಹೆಚ್ಚು ಕೊಟ್ಟರು ಅನ್ನಿಸಿತು.

ಆದ್ದರಿಂದ ನಾವು ಹೀಗೆ ಮಾಡಬಹುದು:

1. ಬಂದವರನ್ನು ಬಾಗಿಲಲ್ಲಿ ಬಹಳ ಹೊತ್ತು ನಿಲ್ಲಿಸಬಾರದು.
2. ಕೊಡುವುದನ್ನು ಕೈಗೆ ಕೊಡಬೇಕು, ಎಸೆಯಬಾರದು.
3. ಅನುಮಾನ ಬಂದರೆ "ರಸೀದಿ ಕೊಡ್ತೀರಾ?" ಎಂದು ಮೆಲ್ಲಗೆ ಕೇಳಬೇಕು. ಸಾಚಾ ಆದವರು ಬೇಜಾರು ಮಾಡಿಕೊಳ್ಳುವುದಿಲ್ಲ.
4. ಇಲ್ಲದಿದ್ದರೆ "ಈಗ ಆಗಲ್ಲ ಸ್ವಾಮಿ" ಎಂದು ಕೈ ಮುಗಿಯಬೇಕು.
5. ಉಚಿತ ಹಾಸ್ಟೆಲಿನಲ್ಲಿ ಓದುವವರನ್ನು "ಭಿಕ್ಷೆ ಅನ್ನದವರು" ಎಂದು ಆಡಿಕೊಳ್ಳಬಾರದು.

ಇನ್ನೊಬ್ಬರ ಹಸಿವಿಗಾಗಿ ಕೈ ಚಾಚುವುದು ಸುಲಭವಲ್ಲ. ಬೇಕಾದರೆ ನೀವೂ ಒಂದು ದಿನ ಡಬ್ಬಿ ಹಿಡಿದು ನಾಲ್ಕು ಮನೆ ಸುತ್ತಿ ನೋಡಿ. ಏನಂತೀರಿ?

— 7ನೇ ತರಗತಿ ವಿದ್ಯಾರ್ಥಿ