ಮಗಳು ಹೊಡೆದುಹಾಕಿದ ಸರಿಯುತ್ತರ

ದ್ವಿತೀಯ ಪಿಯುಸಿ ಗಣಿತದಲ್ಲಿ ಮಗಳಿಗೆ ಎಣಿಸಿದ್ದಕ್ಕಿಂತ ಕಡಿಮೆ ಅಂಕ ಬಂದಾಗ ಮನೆಯಲ್ಲಿ ಮೊದಲು ಕೂಗಾಡಿದವನು ನಾನೇ. ಮೌಲ್ಯಮಾಪಕರು ಕಣ್ಣುಮುಚ್ಚಿಕೊಂಡು ತಿದ್ದಿದ್ದಾರೆ ಎಂದೆ. ‘ಸ್ಕ್ಯಾನ್ ಪ್ರತಿ ತರಿಸಿ ಭಾವ, ಬಿಡಬೇಡಿ’ ಎಂದು ಅವಳ ಸೋದರಮಾವ ಬೆಂಕಿಗೆ ತುಪ್ಪ ಸುರಿದ. ಮಗಳೊಬ್ಬಳು ‘ಬೇಡಪ್ಪ’ ಎಂದಳು. ಯಾಕೆ ಬೇಡ ಎಂದು ಕೇಳಬೇಕಿತ್ತು, ಕೇಳಲಿಲ್ಲ.

ಪ್ರತಿ ಬಂದ ದಿನ ಸೈಬರ್ ಸೆಂಟರಿನಲ್ಲಿ ಇಬ್ಬರೂ ಕೂತೆವು. ಪುಟ ಸರಿಸುತ್ತಾ ಸಂಭವನೀಯತೆಯ ಲೆಕ್ಕಕ್ಕೆ ಬಂದೆ. ಇಬ್ಬರು ವಿದ್ಯಾರ್ಥಿಗಳು ಒಂದು ಸಮಸ್ಯೆಯನ್ನು ಸ್ವತಂತ್ರವಾಗಿ ಬಿಡಿಸುವ ಸಂಭವನೀಯತೆ 1/3 ಮತ್ತು 1/4. ‘ಎಕ್ಸಾಕ್ಟ್ಲಿ ಒನ್’, ಅಂದರೆ ಇಬ್ಬರಲ್ಲಿ ಒಬ್ಬರು ಮಾತ್ರ ಬಿಡಿಸುವ ಸಂಭವನೀಯತೆ ಎಷ್ಟು? ಅವಳ ಉತ್ತರ 1/2. ಪಕ್ಕದಲ್ಲಿ ಕೆಂಪು ಸೊನ್ನೆ. ‘ನೋಡು, ಸರಿ ಇರೋದಕ್ಕೇ ಸೊನ್ನೆ ಹಾಕಿದ್ದಾರೆ!’ ಎಂದು ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ.

ಮಗಳು ಪರದೆಯ ಮೇಲೆ ಬೆರಳಿಟ್ಟಳು. ಆ ಉತ್ತರದ ಮೇಲ್ಗಡೆ, ಅಡ್ಡಗೆರೆ ಎಳೆದು ಹೊಡೆದುಹಾಕಿದ ಎರಡು ಸಾಲು. 1/3 × 3/4 + 2/3 × 1/4 = 5/12. ‘ಇದು ಸರಿ ಅಪ್ಪ. ನೀವು ಹೇಳಿಕೊಟ್ಟ ಹಾಗೆ ಬರಲಿಲ್ಲ ಅಂತ ಹೊಡೆದುಹಾಕಿದೆ.’

ಆಮೇಲೆ ನಾನು ಬಾಯಿ ತೆರೆಯಲಿಲ್ಲ. ಪ್ರತಿಯ ಮುದ್ರಣಕ್ಕೆ ದುಡ್ಡು ಕೊಡುವಾಗ ಕೈ ನಡುಗುತ್ತಿತ್ತು. ಪರೀಕ್ಷೆಗೆ ವಾರವಿರುವಾಗ ಇಂಥದೇ ಲೆಕ್ಕವನ್ನು ಅವಳು ತನ್ನ ದಾರಿಯಲ್ಲಿ ಬಿಡಿಸುತ್ತಿದ್ದಳು. ‘ಇಷ್ಟುದ್ದ ಯಾಕೆ? ಎರಡನ್ನೂ ಕೂಡಿಸು, ಎರಡಕ್ಕೂ ಸೇರಿದ್ದನ್ನು ಕಳೆ, ಮುಗೀತು’ ಎಂದು ಪುಸ್ತಕ ಕಿತ್ತುಕೊಂಡು ಬರೆದು ತೋರಿಸಿದ್ದವನು ನಾನು. ಬಿಎಸ್ಸಿಯಲ್ಲಿ ಗಣಿತ ಓದಿದ ಹಮ್ಮು. ಅವಳ ಉಪನ್ಯಾಸಕರ ಮೇಲೂ ನನಗೆ ಸಿಟ್ಟಿದೆ. ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಅಳಿಸಿದರಂತೆ, ಯಾಕೆ ಎಂದು ಹೇಳಲಿಲ್ಲವಂತೆ. ಆದರೆ ಪುಸ್ತಕ ಕಿತ್ತುಕೊಂಡವರು ಅವರಲ್ಲ.

ಅಂದು ರಾತ್ರಿ ಹನ್ನೆರಡು ಹುಣಸೆಬೀಜ ಹರಡಿಕೊಂಡು ಕೂತೆ. ಒಂದೊಂದು ಬೀಜ ಒಂದೊಂದು ಸಮಸ್ಯೆ. ಮೊದಲನೆಯವನು ಬಿಡಿಸುವುದು 4, ಎರಡನೆಯವನು 3, ಇಬ್ಬರೂ ಬಿಡಿಸುವುದು 1. ನಾಲ್ಕು ಮೂರು ಕೂಡಿಸಿದರೆ ಆ ಒಂದು ಬೀಜ ಎರಡು ಸಲ ಎಣಿಕೆಗೆ ಬರುತ್ತದೆ. ಒಮ್ಮೆ ಕಳೆದರೆ 6. ಬೀಜ ಇನ್ನೂ ಒಳಗೇ ಇದೆ. ಅದು ‘ಕನಿಷ್ಠ ಒಬ್ಬರು’ ಎಂಬ ಪ್ರಶ್ನೆಗೆ ಉತ್ತರ. ‘ಒಬ್ಬರು ಮಾತ್ರ’ ಎಂದಾಗ ಆ ಬೀಜ ಪೂರ್ತಿ ಹೊರಗೆ ಹೋಗಬೇಕು, ಇನ್ನೊಮ್ಮೆ ಕಳೆಯಬೇಕು. ಉಳಿಯುವುದು 5. ಮಗಳು ಬರೆದದ್ದೂ ಅದೇ: ಮೊದಲನೆಯವನೊಬ್ಬನೇ 3, ಎರಡನೆಯವನೊಬ್ಬನೇ 2.

ನನ್ನ ಸೂತ್ರ ಇಷ್ಟು ವರ್ಷ ಕೈಕೊಡದಿದ್ದುದಕ್ಕೂ ಕಾರಣ ಹೊಳೆಯಿತು. ದಾಳ ಎಸೆದಾಗ 2 ಅಥವಾ 5 ಬೀಳುವಂಥ ಲೆಕ್ಕಗಳಲ್ಲಿ ಎರಡೂ ಒಟ್ಟಿಗೆ ಆಗುವಂತೆಯೇ ಇಲ್ಲ. ಅಲ್ಲಿ ಒಮ್ಮೆ ಕಳೆದರೂ ಎರಡು ಸಲ ಕಳೆದರೂ ಒಂದೇ.

ಪರೀಕ್ಷೆ ಬರೆಯುವ ಮಕ್ಕಳು ‘ಮಾತ್ರ’ ಎಂಬ ಪದದ ಕೆಳಗೆ ಗೆರೆ ಎಳೆದುಕೊಳ್ಳಿ. ಎರಡು ಘಟನೆಗಳು ಸ್ವತಂತ್ರ ಎಂದು ಹೇಳಿದ್ದರೆ ಮಾತ್ರ ಗುಣಿಸಿ. ಅಪ್ಪಂದಿರೇ, ಮಕ್ಕಳ ಉದ್ದದ ದಾರಿಯನ್ನು ಕೊನೆಯ ಸಾಲಿನವರೆಗೆ ಓದಿ, ಆಮೇಲೆ ಮಾತಾಡಿ.

ಮರುಮೌಲ್ಯಮಾಪನಕ್ಕೆ ನಾವು ಅರ್ಜಿ ಹಾಕಲಿಲ್ಲ. ಮೌಲ್ಯಮಾಪಕರು ಸರಿಯಾಗಿಯೇ ತಿದ್ದಿದ್ದರು.