ಬೀಜದ ಹೋರಿಯನ್ನು ಬೆಳೆಸುವ ಬಗೆ
ನಮ್ಮ ಎರೆಭೂಮಿಯ ಉಳುಮೆಗೆಂದೇ 19ನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿ, ಮಿರಜದ ಸಂಸ್ಥಾನಿಕರು ಗೀರ್, ಓಂಗೋಲ್ ಮೊದಲಾದ ಹೋರಿಗಳನ್ನು ತರಿಸಿ ಕೃಷ್ಣಾ ಕಣಿವೆಯ ತಳಿಯನ್ನು ರೂಪಿಸಿದರು. ಇಂದು ಅಂಥ ಹೋರಿ ಅಪರೂಪ. ಆದಕಾರಣ ನಾಲ್ಕಾರು ಆಕಳುಗಳುಳ್ಳ ರೈತನು ಒಳ್ಳೆಯ ಗಂಡುಕರುವೊಂದನ್ನು ಬೀಜಕ್ಕೆಂದು ಉಳಿಸಿಕೊಂಡರೆ, ಅದನ್ನು ಪಳಗಿಸುವ ಬಗೆಯನ್ನೂ ಅರಿತಿರಬೇಕು.

ಹಿಂಡಿನಿಂದ ಬೇರ್ಪಡಿಸಿ, ಅಂಗಳದಲ್ಲಿ ಮುದ್ದಿನಿಂದ ಸಾಕಿದ ಕರುವೇ ಮುಂದೆ ಹೆಚ್ಚು ಅಪಾಯಕಾರಿ. ಇದು ಅನೇಕರಿಗೆ ಸೋಜಿಗವೆನಿಸೀತು. ಒಂಟಿಯಾಗಿ ಬೆಳೆದ ಕರು ಮನುಷ್ಯನನ್ನೇ ತನ್ನ ಜಾತಿಯವನೆಂದು ಬಗೆದು, ಪ್ರಾಯಕ್ಕೆ ಬಂದಾಗ ಅವನೊಡನೆಯೇ ಬಲಪರೀಕ್ಷೆಗೆ ಇಳಿಯುತ್ತದೆ. ಆದ್ದರಿಂದ ಅದು ದನಗಳ ನಡುವೆಯೇ ಬೆಳೆಯಲಿ. ಹಣೆಗೆ ಕೈಯೊತ್ತಿ ಆಡಿಸುವುದಂತೂ ಕೂಡದು. ಗುಮ್ಮುವುದನ್ನು ನಾವೇ ಕಲಿಸಿದಂತಾಗುತ್ತದೆ. ಮೈದಡವುವುದು, ಹಗ್ಗ ಹಿಡಿದು ನಡೆಸುವುದು ಎಳೆತನದಿಂದಲೇ ರೂಢಿಯಾಗಬೇಕು. ವರ್ಷದ ಸುಮಾರಿಗೆ ಮೂಗು ಚುಚ್ಚಿಸಿ, ಗಾಯ ಮಾಯ್ದ ಮೇಲೆಯೇ ಮೂಗುದಾರ ಹಿಡಿದು ನಡೆಸತಕ್ಕದ್ದು. ಬಾರುಕೋಲಿನ ಪೆಟ್ಟು ಅಂಜಿಕೆಯನ್ನು ಕಲಿಸೀತೇ ಹೊರತು ವಿಧೇಯತೆಯನ್ನಲ್ಲ.

ಹೋರಿಯು ತಲೆ ತಗ್ಗಿಸಿ, ಮೈಯನ್ನು ಅಡ್ಡಲಾಗಿ ತೋರಿ, ಮಣ್ಣು ಕೆದರಿದರೆ ಬೆನ್ನು ತಿರುಗಿಸದೆ ಮೆಲ್ಲನೆ ಹಿಂದೆ ಸರಿಯಬೇಕು. ಸಾಧುವೆಂದು ಹೆಸರಾದ ಹೋರಿಯ ಬಳಿಗೂ ಒಬ್ಬನೇ ಹೋಗಬಾರದು. ಇನ್ನು, 3-4 ವರ್ಷಗಳಲ್ಲಿ ಅದಕ್ಕೆ ಹುಟ್ಟಿದ ಹೆಣ್ಣುಕರುಗಳೇ ಬೆದೆಗೆ ಬರುತ್ತವೆ. ಅಷ್ಟರೊಳಗೆ ಅದನ್ನು ಪರವೂರಿನ ಹೋರಿಯೊಡನೆ ಬದಲಿಸಿಕೊಳ್ಳುವುದು ಲೇಸು.