ಬ್ರಾಕೆಟ್ ಬಿಡಿಸುವ ಮುನ್ನ

ಪಿಯುಸಿ ಮಕ್ಕಳಿಗೆ ದ್ವಿಪದ ಪ್ರಮೇಯ ಕಲಿಸುತ್ತ ಮನದಟ್ಟಾದ ಸಂಗತಿಗಳಿವು.

1. ಸೂತ್ರ ಆಮೇಲೆ. ಮೊದಲು (ಅ + ಬ)³ ಅನ್ನು (ಅ + ಬ)(ಅ + ಬ)(ಅ + ಬ) ಎಂದು ಬಿಡಿಸಿ ಬರೆಸಬೇಕು. ಒಂದೊಂದು ಬ್ರಾಕೆಟ್‌ನಿಂದಲೂ ಒಂದೊಂದು ಅಕ್ಷರ ಆರಿಸಿ ಗುಣಿಸುವುದೇ ಇಲ್ಲಿನ ಕೆಲಸ. ಅ²ಬ ಬರಬೇಕಾದರೆ ಯಾವುದಾದರೂ ಒಂದೇ ಬ್ರಾಕೆಟ್‌ನಿಂದ ಬ ತೆಗೆಯಬೇಕು. ಅದಕ್ಕೆ ಮೂರು ದಾರಿ, ಹಾಗಾಗಿ ಸಹಗುಣಕ 3. ಇಷ್ಟು ಕಂಡ ಹುಡುಗಿಗೆ (ಅ + ಬ)¹⁰ರಲ್ಲಿ ಅ⁷ಬ³ದ ಸಹಗುಣಕ 120 ಏಕೆಂದು ಬೇರೆ ಹೇಳಬೇಕಿಲ್ಲ. ಹತ್ತರಲ್ಲಿ ಮೂರನ್ನು ಆರಿಸಿದರಾಯಿತು: 10 × 9 × 8 ಅನ್ನು 1 × 2 × 3ರಿಂದ ಭಾಗಿಸಿ. ಹೀಗೆ ಆರಿಸುವ ಲೆಕ್ಕದ ನಿಯಮವನ್ನು 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟವರು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು. ಕನ್ನಡನಾಡಿನ ತರಗತಿಯಲ್ಲಿ ಈ ಹೆಸರು ಕೇಳಿಬರಲೇಬೇಕು ಎನ್ನುವುದು ನನ್ನ ಹಟ.

2. ಘಾತ ಚಿಕ್ಕದಿದ್ದರೆ ಸಹಗುಣಕಗಳನ್ನು ಓದಿಕೊಳ್ಳಲು ಮೇರುಪ್ರಸ್ತಾರ ಸಾಕು. ಪಿಂಗಳನ ಛಂದಸ್ಸೂತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ವಿವರಿಸಿದ ತ್ರಿಕೋನವದು.

3. ಅಂಕ ಹೆಚ್ಚು ಹೋಗುವುದು ಮೈನಸ್ ಚಿಹ್ನೆಯಲ್ಲಿ, ಅಕ್ಷರದ ಹಿಂದಿರುವ ಸಂಖ್ಯೆಯಲ್ಲಿ. (2ಅ − 3)⁴ರ ಎರಡನೇ ಪದವನ್ನು 4(2ಅ)³(−3) ಎಂದು ಬ್ರಾಕೆಟ್ ಸಮೇತ ಬರೆದೇ ಮುಂದೆ ಹೋಗಬೇಕು. ಅವಸರಕ್ಕೆ 4·2ಅ³ ಎಂದು ಬರೆದರೆ 2ರ ಘನ ಬಿಟ್ಟೇಹೋಗುತ್ತದೆ. ಸರಿಯಾದ ವಿಸ್ತರಣೆ:
16ಅ⁴ − 96ಅ³ + 216ಅ² − 216ಅ + 81.
ತಾಳೆ ನೋಡಲು ಅ = 1 ಹಾಕಿ. ಎಡಗಡೆ (−1)⁴, ಅಂದರೆ 1. ಬಲಗಡೆ ಕೂಡಿಸಿ ಕಳೆದರೂ 1. ಪರೀಕ್ಷೆಯಲ್ಲಿ ಅರ್ಧ ನಿಮಿಷದ ಕೆಲಸ, ಎಷ್ಟೋ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

4. ಎಣಿಕೆ ಸೊನ್ನೆಯಿಂದ ಶುರು. (ಅ² + 1/ಅ)⁹ರಲ್ಲಿ ಅ ಇಲ್ಲದ ಪದ ಸಿಗುವುದು 1/ಅ ಅನ್ನು ಆರು ಸಲ ಆರಿಸಿದಾಗ. ಆದರೆ ಅದು ಏಳನೇ ಪದ, ಬೆಲೆ 84.

5. ಘಾತ ಋಣಸಂಖ್ಯೆಯಾದಾಗ ಅಲ್ಲೇ ತಡೆದು ನಿಲ್ಲಿಸುತ್ತೇನೆ. ನ್ಯೂಟನ್ ವಿಸ್ತರಿಸಿದ ರೂಪದಲ್ಲಿ (1 + ಅ)⁻¹ ಎಂದರೆ 1 − ಅ + ಅ² − ಅ³ + … ಎಂದು ಮುಗಿಯದ ಸಾಲು. ಅ −1ಕ್ಕೂ 1ಕ್ಕೂ ನಡುವೆ ಇದ್ದರಷ್ಟೇ ಅದು ನಿಜ. ಅ = 2 ಹಾಕಿಸಿ: ಎಡಗಡೆ 1/3, ಬಲಗಡೆ 1 − 2 + 4 − 8 + …